ಮೊರಾಂದಿಯ ಬೀದಿ, ಮೊರಾಂದಿಯ ಬೆಟ್ಟ: ಬೊಲೊನ್ಯಾ ಸುತ್ತಮುತ್ತ ಐದು ದಿನ

ಮೊದಲ ದಿನ, ಗುರುವಾರ: ವಿಯಾ ಫೊಂದಾಟ್ಸಾ

ಇಟಲಿಯ ಬೊಲೊನ್ಯಾದಲ್ಲಿ ರೈಲು ಇಳಿದಾಗ ಸಣ್ಣಗೆ ಮಳೆ ಹನಿಯುತ್ತಿತ್ತು. ಅಕ್ಟೋಬರ್ ಮೊದಲ ವಾರ. ಈ ಊರಿಗೆ ಕೊಡೆ ಮರೆತು ಬಂದರೂ ತೊಂದರೆಯಿಲ್ಲ. ಮನೆಗಳ ಮೇಲಂತಸ್ತು ಬೀದಿಯ ಕಡೆಗೆ ಚಾಚಿಕೊಂಡಿರುತ್ತದೆ, ಅದರಡಿ ಕಂಬಸಾಲಿನ ಜಗಲಿ ಉದ್ದಕ್ಕೂ ಸಾಗುತ್ತದೆ. ಇದೇ ಪೋರ್ಟಿಕೊ. ಊರಿನಲ್ಲಿ ಒಟ್ಟು 62 ಕಿಲೋಮೀಟರ್ ಪೋರ್ಟಿಕೊ ಇದೆ, ಹಳೆಯ ಪೇಟೆಯೊಳಗೇ 38. ಊರ ನಡುವಿನ ಎರಡು ಗೋಪುರಗಳ ಬುಡದಿಂದ ಸ್ಟ್ರಾದಾ ಮಜ್ಜೋರೆ ಎಂಬ ರಸ್ತೆ ಹಿಡಿದು ಹೊರಟರೆ ತಲೆ ನೆನೆಯುವುದು ಅಡ್ಡರಸ್ತೆ ದಾಟುವಾಗ ಮಾತ್ರ. ವಾಲಿರುವ ಗರಿಸೆಂದಾ ಗೋಪುರದ ಸುತ್ತ 2023ರ ಅಕ್ಟೋಬರ್‌ನಿಂದ ತಡೆಬೇಲಿ ಇದೆ, ಸ್ವಲ್ಪ ಬಳಸಿಕೊಂಡು ಹೋಗಬೇಕು.

ನಡೆಯುತ್ತ ಗೋಡೆಗಳನ್ನು ನೋಡಿ. ಕಾವಿ, ಕೆಮ್ಮಣ್ಣು, ಒಣಗಿದ ಅರಿಶಿನ, ಹಳೆಯ ಇಟ್ಟಿಗೆ. ಮಳೆಯ ಬೆಳಕಿನಲ್ಲಿ ಇವೆಲ್ಲ ಒಂದು ಮೆಟ್ಟಿಲು ಕೆಳಗಿಳಿದು ಬೂದಿ ಸೇರಿಸಿದಂತಾಗುತ್ತವೆ. ಜೀವಮಾನವಿಡೀ ಹೆಚ್ಚಾಗಿ ಬಾಟಲಿ, ಹೂಜಿಗಳನ್ನೇ ಬರೆದ ಚಿತ್ರಕಾರ ಜಾರ್ಜೊ ಮೊರಾಂದಿಯ ಚಿತ್ರಗಳನ್ನು ಪುಸ್ತಕದಲ್ಲಷ್ಟೇ ನೋಡಿ ಬಂದವರಿಗೆ ಇಲ್ಲೇ ಮೊದಲ ಉತ್ತರ ಸಿಗುತ್ತದೆ. ಆ ಮಂಕು ಗುಲಾಬಿ, ಆ ಮಣ್ಣಿನ ಹಳದಿ ಈ ಊರಿನವು.

ಮೊರಾಂದಿ ಹುಟ್ಟಿದ್ದು 1890ರ ಜುಲೈ 20ರಂದು, ಇದೇ ಊರಿನಲ್ಲಿ. ತೀರಿಕೊಂಡದ್ದು 1964ರ ಜೂನ್ 18ರಂದು, ಇದೇ ಊರಿನಲ್ಲಿ. 1909ರಲ್ಲಿ ತಂದೆ ಹೋದ ಮೇಲೆ ತಾಯಿ ಮತ್ತು ಮೂವರು ತಂಗಿಯರೊಂದಿಗೆ ಈ ಫೊಂದಾಟ್ಸಾ ಬೀದಿಗೆ ಬಂದವನು ಬೀದಿ ಬದಲಿಸಲೇ ಇಲ್ಲ. ಅವನಿಗೂ ಮದುವೆಯಾಗಲಿಲ್ಲ, ಅನ್ನಾ, ದೀನಾ, ಮರಿಯಾ ತೆರೇಸಾ ಈ ತಂಗಿಯರಿಗೂ ಆಗಲಿಲ್ಲ. ಸ್ಟ್ರಾದಾ ಮಜ್ಜೋರೆ ಮತ್ತು ವಿಯಾ ಸಾಂತೊ ಸ್ತೆಫಾನೊ ರಸ್ತೆಗಳ ನಡುವಿನ ಈ ಬೀದಿ ಅಗಲವಲ್ಲ. ಸೈಕಲ್ ರಿಪೇರಿ, ಚೌಕಟ್ಟು ಹಾಕುವವರು, ಸಣ್ಣ ಕಾಫಿ ಅಂಗಡಿ. ಮನೆ ನಂಬರ್ 36. ಬಾಗಿಲ ಬಳಿ ಬಂದರೂ ಇದೇ ಎಂದು ಗೊತ್ತಾಗದಷ್ಟು ಸಾಧಾರಣ.

ಮನೆಯನ್ನು 2009ರಲ್ಲಿ ಜನರಿಗೆ ತೆರೆದರು. ಆದರೆ ಮುಂಚಿತವಾಗಿ ಕಾಯ್ದಿರಿಸದೆ ಹೋದರೆ ಬಾಗಿಲು ನೋಡಿ ಹಿಂದಿರುಗಬೇಕಾದೀತು. ರೈಲು ಟಿಕೆಟ್ ಬುಕ್ ಮಾಡುವಾಗಲೇ ಈ ಕೆಲಸವೂ ಮುಗಿದಿರಲಿ. ಒಳಗೆ ಹೋದವರು ನೇರ ಸ್ಟುಡಿಯೊ ಕಡೆ ಓಡುತ್ತಾರೆ. ಅದರ ಬದಲು ಮೊದಲು ಉಗ್ರಾಣದಂಥ ಕೋಣೆಯ ಮುಂದೆ ನಿಲ್ಲುವುದು ಒಳ್ಳೆಯದು. ಬಾಟಲಿ, ಹೂಜಿ, ಡಬ್ಬಿ, ಎಣ್ಣೆದೀಪ, ಕಾಫಿ ಪಾತ್ರೆ, ಹೂದಾನಿ, ಚಿಪ್ಪುಗಳ ರಾಶಿ. ಬೆಲೆಬಾಳುವುದು ಒಂದೂ ಇಲ್ಲ. ಓವಲ್ಟಿನ್ ಡಬ್ಬಿಯೂ ಇದೆ. ತಗಡಿನ ಉರುಳೆಯ ಮೇಲೆ ಆಲಿಕೆ ಕವುಚಿ ಕೂಡಿಸಿದ ಒಂದು ವಿಚಿತ್ರ ಪಾತ್ರೆಯಿದೆ. ಅಂಥದ್ದು ಯಾವ ಅಡುಗೆಮನೆಯಲ್ಲೂ ಇರುವುದಿಲ್ಲ, ಚಿತ್ರಕ್ಕೆಂದೇ ಆದದ್ದು.

ಬಾಟಲಿಗಳನ್ನು ಹತ್ತಿರದಿಂದ ನೋಡಿದರೆ ಮೊರಾಂದಿಯ ಅರ್ಧ ಕಸುಬು ಬಿಚ್ಚಿಕೊಳ್ಳುತ್ತದೆ. ಗಾಜು ಹೊಳೆಯುತ್ತದೆ, ಹೊಳೆಯುವ ಕಡೆ ಕಣ್ಣು ಓಡುತ್ತದೆ, ಆಗ ಆಕಾರ ಒಡೆಯುತ್ತದೆ. ಆದ್ದರಿಂದ ಆತ ಕೆಲವು ಬಾಟಲಿಗಳ ಒಳಗೆ ಬಣ್ಣ ಸುರಿದು ತಿರುಗಿಸಿದ, ಕೆಲವಕ್ಕೆ ಹೊರಗಿನಿಂದಲೇ ಹೊಳಪಿಲ್ಲದ ಬಣ್ಣ ಬಳಿದ, ಚೀಟಿಗಳನ್ನು ಕಿತ್ತು ಹಾಕಿದ. ಮೇಲೆ ಧೂಳು ಕೂರಲು ಬಿಟ್ಟ. ತೆಳ್ಳಗಿನ ಸಮನಾದ ಧೂಳು ಬೆಳಕನ್ನು ಹೀರಿಕೊಳ್ಳುತ್ತದೆ, ಅಂಚು ಮೆತ್ತಗಾಗುತ್ತದೆ. ಅಂದರೆ ಕ್ಯಾನ್ವಾಸಿಗೆ ಕುಂಚ ಮುಟ್ಟುವ ಮೊದಲೇ ಒಂದು ಸುತ್ತಿನ ಚಿತ್ರ ವಸ್ತುಗಳ ಮೇಲೆಯೇ ಬರೆದಾಗಿತ್ತು. ಇದ್ದದ್ದನ್ನು ಇದ್ದಂತೆ ಬರೆದ ಸರಳ ಮನುಷ್ಯ ಎಂದು ಅವನ ಬಗ್ಗೆ ಹೇಳುವವರು ಈ ಕಪಾಟಿನ ಮುಂದೆ ಹತ್ತು ನಿಮಿಷ ನಿಲ್ಲಬೇಕು.

ಸ್ಟುಡಿಯೊ ಅಂದರೆ ಮಲಗುವ ಕೋಣೆಯೇ. ಒಂಟಿ ಮಂಚ, ಈಸೆಲ್, ಅಂಗಳಕ್ಕೆ ತೆರೆಯುವ ಕಿಟಕಿ. ಕೋಣೆಯನ್ನು ಹೊರಗಿನಿಂದಲೇ ನೋಡಬೇಕು. ವಸ್ತು ಜೋಡಿಸುವ ಮೇಜುಗಳ ಎತ್ತರ ಗಮನಿಸಿ: ಒಂದು ತಗ್ಗು, ಒಂದು ಸಾಧಾರಣ ಎತ್ತರ, ಇನ್ನೊಂದು ಹೆಚ್ಚುಕಡಿಮೆ ಕಣ್ಣಿನ ಮಟ್ಟದ್ದು. ಇದು ನಾಳೆ ಮ್ಯೂಸಿಯಮ್ಮಿನಲ್ಲಿ ಬೇಕಾಗುತ್ತದೆ. ಮೇಜಿನ ಮೇಲೆ ಹಾಸಿದ ಕಾಗದದಲ್ಲಿ ಪೆನ್ಸಿಲ್ ಗೆರೆಗಳ ಜಾಲ, ಯಾವ ಪಾತ್ರೆಯ ಬುಡ ಎಲ್ಲಿತ್ತು ಎಂಬ ಗುರುತು. ಒಂದು ಜೋಡಣೆಗೆ ದಿನಗಟ್ಟಲೆ ಹಿಡಿಯುತ್ತಿತ್ತು. ಬಾಟಲಿ ಅರ್ಧ ಬೆರಳು ಸರಿದರೆ ಎರಡು ಪಾತ್ರೆಗಳ ನಡುವಿನ ಸಂದು ಮುಚ್ಚಿಹೋಗುತ್ತದೆ ಇಲ್ಲವೇ ಬಾಯಿ ಬಿಡುತ್ತದೆ, ಮತ್ತೆ ಎಲ್ಲವನ್ನೂ ಹೊಂದಿಸಬೇಕು. ಗುರುತು ಹಾಕಿಟ್ಟುಕೊಂಡರೆ ಹಳೆಯ ಜಾಗಕ್ಕೆ ಮರಳಬಹುದು. ಕ್ಯಾನ್ವಾಸ್ ಬಿಗಿಯುವುದು, ಬಣ್ಣದ ಪುಡಿ ಅರೆಯುವುದು ಕೂಡ ಅವನದೇ ಕೈಕೆಲಸ.

ಕಿಟಕಿಯಾಚೆ ಅಂಗಳ. ಅದನ್ನೂ ಆತ ಹಲವು ಸಲ ಬರೆದಿದ್ದಾನೆ. 1954ರ ಒಂದು ಚಿತ್ರದಲ್ಲಿ ಅರ್ಧ ಜಾಗವನ್ನು ಬರೀ ಬೋಳು ಗೋಡೆಗೆ ಕೊಟ್ಟಿದ್ದಾನೆ. ಬೇರೆಯವರಾದರೆ ಆ ಗೋಡೆಯನ್ನು ಬಿಟ್ಟು ಮರ, ಮಾಡು ಹುಡುಕುತ್ತಿದ್ದರು.

ಹೊರಗೆ ಬಂದಾಗ ಮಳೆ ಜೋರಾಗಿತ್ತು. ಬೀದಿಗೆ ಹತ್ತಿರದಲ್ಲೇ ಸಾಂತಾ ಮರಿಯಾ ದೆಯಿ ಸೆರ್ವಿ ಚರ್ಚಿದೆ, ಮುಂದೆ ವಿಶಾಲವಾದ ಪೋರ್ಟಿಕೊ. ಒಳಗೆ ಚಿಮಾಬುಯೆಯ ಮಾತೆ ಮರಿಯಳ ಚಿತ್ರವಿದೆ. ಕತ್ತಲು ಚರ್ಚು, ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಕೊಡಿ. ಇಂಥ ಹಳೆಯ ಇಟಾಲಿಯನ್ ಚಿತ್ರಕಾರರಾದ ಜೊತ್ತೊ, ಮಸಾಚೊ, ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ ಇವರ ಮೇಲೆ ಮೊರಾಂದಿಗೆ ಎಷ್ಟು ಪ್ರೀತಿ ಎಂದು ತಿಳಿದವರಿಗೆ ಈ ಮಳೆಯ ಸಂಜೆ ವ್ಯರ್ಥವೆನ್ನಿಸದು.

ರಾತ್ರಿ ಊಟಕ್ಕೆ ತಾಳಿಯಾತೆಲ್ಲೆ, ಉದ್ದ ಪಟ್ಟಿಯಾಗಿ ಕತ್ತರಿಸಿದ ಪಾಸ್ತಾ. ಹಿಟ್ಟು ಲಟ್ಟಿಸುವ ಹೆಂಗಸರನ್ನು ಇಲ್ಲಿ ಸ್ಫೊಲಿನಾ ಎನ್ನುತ್ತಾರೆ, ಕಿಟಕಿಯಿಂದ ಅವರ ಕೆಲಸ ನೋಡಬಹುದು. ಬೆಂದ ಮೇಲೆ ಪಟ್ಟಿಯ ಅಗಲ 8 ಮಿಲಿಮೀಟರ್ ಇರಬೇಕೆಂದು 1972ರಲ್ಲಿ ಇಲ್ಲಿಯ ವಾಣಿಜ್ಯ ಮಂಡಳಿಯಲ್ಲಿ ದಾಖಲಾಗಿದೆ. ಅಜ್ಜಿಯೊಬ್ಬರನ್ನು ಅಳತೆಪಟ್ಟಿ ಎಲ್ಲಿ ಎಂದು ಕೇಳಿದರೆ ಕಣ್ಣು ತೋರಿಸಿದರು. ಸಸ್ಯಾಹಾರಿಗಳು ರಗೂ ಎಂಬ ಮಾಂಸದ ಗೊಜ್ಜು ಬಿಟ್ಟು, ರಿಕೊತ್ತಾ ಎಂಬ ಮೆತ್ತಗಿನ ಚೀಸ್ ತುಂಬಿದ ತೊರ್ತೆಲ್ಲೋನಿಯನ್ನು ಬೆಣ್ಣೆ ಮತ್ತು ಸೇಜ್ ಎಲೆಯಲ್ಲಿ ಕೇಳಬಹುದು. ಸಣ್ಣ ಗಾತ್ರದ ತೊರ್ತೆಲ್ಲೀನಿ ಬೇರೆ, ಅದರೊಳಗೆ ಹಂದಿಮಾಂಸವಿರುತ್ತದೆ. ಒಂದಕ್ಷರದ ವ್ಯತ್ಯಾಸ, ಎರಡು ಸಲ ಹೇಳಿ ಖಚಿತಪಡಿಸಿಕೊಳ್ಳಿ. ಮೇಲೆ ಉದುರಿಸುವ ಪಾರ್ಮೆಸಾನ್ ಚೀಸ್‌ನಲ್ಲಿ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಇರುತ್ತದೆ, ಕಟ್ಟುನಿಟ್ಟಾದವರು ಅದನ್ನೂ ಬೇಡ ಎನ್ನಬೇಕು.

ಎರಡನೆಯ ದಿನ, ಶುಕ್ರವಾರ: ಬ್ರೆಡ್ ಕಾರ್ಖಾನೆಯಲ್ಲಿ ಮೊರಾಂದಿ

ಊರಿನ ಆಧುನಿಕ ಕಲಾ ಮ್ಯೂಸಿಯಂ ಮಾಂಬೊ ಇರುವುದು ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ, ವಿಯಾ ದೊನ್ ಮಿಂಜೋನಿಯಲ್ಲಿ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಜನರಿಗೆ ಅಗ್ಗದ ಬ್ರೆಡ್ ಕೊಡಲು ನಗರಸಭೆ ಕಟ್ಟಿಸಿದ ಬೇಕರಿ ಅದು. ಮೊರಾಂದಿ ಮ್ಯೂಸಿಯಂ 1993ರಲ್ಲಿ ತೆರೆದದ್ದು ಊರ ನಡುವಿನ ಪಲಾಟ್ಸೊ ದಾಕ್ಕುರ್ಸಿಯೊದಲ್ಲಿ, ಕೊನೆಯ ತಂಗಿ ಮರಿಯಾ ತೆರೇಸಾ ಕೊಟ್ಟ ದಾನದಿಂದ. 2012ರಿಂದ ಇಲ್ಲಿದೆ. ಹಳೆಯ ಕೈಪಿಡಿ ಹಿಡಿದು ಬಂದವರು ಈಗಲೂ ಆ ಹಳೆಯ ಕಟ್ಟಡವಿರುವ ಪಿಯಾಟ್ಸಾ ಮಜ್ಜೋರೆ ಚೌಕದಲ್ಲಿ ಹುಡುಕುತ್ತಿರುತ್ತಾರೆ. ಸೋಮವಾರ ರಜೆ, ಅದಕ್ಕೆ ಹೊಂದಿಸಿ ದಿನ ಎಣಿಸಿಕೊಳ್ಳಿ.

ಚಿತ್ರಗಳು ಸಣ್ಣವು. ಬಹಳಷ್ಟು 30×40 ಸೆಂಟಿಮೀಟರ್ ಆಸುಪಾಸು, ಅಂದರೆ ಗೋಡೆ ಕ್ಯಾಲೆಂಡರಿನಷ್ಟು. ಕೋಣೆಯ ನಡುವೆ ನಿಂತು ಸುತ್ತ ಕಣ್ಣು ಹಾಯಿಸಿದರೆ ಎಲ್ಲವೂ ಒಂದೇ ಎನಿಸಿ ಹತ್ತು ನಿಮಿಷದಲ್ಲಿ ಹೊರಗೆ ಬರುತ್ತೀರಿ. ಹಾಗೆ ಬರುವವರನ್ನು ಆ ದಿನವೂ ಕಂಡೆವು. ನೋಡುವುದಕ್ಕೊಂದು ಕ್ರಮವಿದೆ.

ಮೊದಲು ಮೇಜಿನ ಅಂಚನ್ನು ಹುಡುಕಿ, ಆಮೇಲೆ ಪಾತ್ರೆಗಳ ಬಾಯಿ. ಬಾಯಿ ಅಗಲವಾದ ಮೊಟ್ಟೆಯಾಕಾರದಲ್ಲಿ ಕಂಡರೆ ಚಿತ್ರಕಾರ ಮೇಲಿನಿಂದ ನೋಡುತ್ತಿದ್ದಾನೆ, ವಸ್ತುಗಳು ತಗ್ಗಿನ ಮೇಜಿನ ಮೇಲಿವೆ. ಬಾಯಿ ಬರೀ ಗೆರೆಯಾಗಿ, ಬುಡಗಳೆಲ್ಲ ಒಂದೇ ಸಾಲಿನಲ್ಲಿ ಕೂತಿದ್ದರೆ ಅದು ಕಣ್ಣಿನ ಮಟ್ಟದ ಮೇಜು. ಆಗ ಬಾಟಲಿಗಳು ದೂರದ ಊರಿನ ಗೋಪುರಗಳಂತೆ ಎದ್ದು ನಿಲ್ಲುತ್ತವೆ, ಮೇಜಿನಂಚು ಕ್ಷಿತಿಜವಾಗುತ್ತದೆ. ನಿನ್ನೆಯ ಆ ಮೂರು ಎತ್ತರ ಇಲ್ಲಿ ಕೆಲಸಕ್ಕೆ ಬಂದವು.

ಎರಡನೆಯದು ಸಂದುಗಳು. ಎರಡು ಬಾಟಲಿಗಳ ನಡುವಿನ ಖಾಲಿ ಜಾಗಕ್ಕೂ ಬಾಟಲಿಯಷ್ಟೇ ತೂಕ ಕೊಟ್ಟಿರುತ್ತಾನೆ. ಕೆಲವೆಡೆ ಮುಂದಿನ ಡಬ್ಬಿಯ ಅಂಚು ಹಿಂದಿನ ಬಾಟಲಿಯ ಅಂಚಿಗೆ ಕೂದಲೆಳೆಯಷ್ಟೂ ಬಿಡದೆ ಕೂಡುತ್ತದೆ, ಯಾವುದು ಮುಂದೆ, ಯಾವುದು ಹಿಂದೆ ಎಂದು ಹೇಳಲಾಗದು. ಡ್ರಾಯಿಂಗ್ ತರಗತಿಯಲ್ಲಿ ಹೀಗೆ ಮಾಡಿದರೆ ತಪ್ಪೆನ್ನುತ್ತಾರೆ. ಇಲ್ಲಿ ಚಿತ್ರದ ಉಸಿರೇ ಆ ಅನುಮಾನ. ಮೂರನೆಯದು ಕುಂಚದ ದಿಕ್ಕು. ಬಾಟಲಿಯ ಮೈಮೇಲೆ ಒಂದು ದಿಕ್ಕು, ಹಿನ್ನೆಲೆಯಲ್ಲಿ ಇನ್ನೊಂದು. ಬಣ್ಣ ಒಂದೇ ಆಗಿದ್ದರೂ ಈ ದಿಕ್ಕಿನಿಂದಲೇ ಎರಡೂ ಬೇರೆಯಾಗಿ ನಿಲ್ಲುತ್ತವೆ. ಫೋಟೊದಲ್ಲಿ ಇದು ಪೂರ್ತಿ ಕಳೆದುಹೋಗುತ್ತದೆ. ಪಕ್ಕಕ್ಕೆ ಒಂದು ಹೆಜ್ಜೆ ಸರಿದು ಓರೆಯಾಗಿ ನೋಡಿ.

ಕಾಲಕ್ರಮದಲ್ಲಿ ನೋಡಿದರೆ ಮೊದಲು ಫ್ರಾನ್ಸಿನ ಚಿತ್ರಕಾರ ಸೆಜಾನ್ ಮತ್ತು ವಸ್ತುಗಳನ್ನು ಕೋನಗಳಾಗಿ ಒಡೆದು ಬರೆದ ಕ್ಯೂಬಿಸ್ಟರಿಂದ ಕಲಿಯುತ್ತಿರುವ ಯುವಕ. 1918 ಮತ್ತು 1919ರಲ್ಲಿ ನಿತ್ಯದ ವಸ್ತುಗಳನ್ನು ಕನಸಿನಂತೆ ನಿಗೂಢವಾಗಿ ಬರೆದ ದೆ ಕಿರಿಕೊ, ಕಾರ್ರಾ ಇವರ ಮೆಟಫಿಸಿಕಲ್ ಪಂಥದ ಹತ್ತಿರ ಬಂದ ಕೆಲವೇ ಕ್ಯಾನ್ವಾಸುಗಳು, ಕೆತ್ತಿದಷ್ಟು ಗಟ್ಟಿ ಗೆರೆಗಳು. 1930ರ ದಶಕದಲ್ಲಿ ದಪ್ಪ, ಮಣ್ಣುಮಣ್ಣಾದ ಬಣ್ಣ. ಕೊನೆಯ ಹತ್ತು ವರ್ಷಗಳಲ್ಲಿ ಬಣ್ಣ ತೆಳುವಾಗಿ, ಜಲವರ್ಣದಲ್ಲಿ ಬಾಟಲಿಯನ್ನೇ ಬರೆಯದೆ ಬಿಟ್ಟು ಸುತ್ತಲಿನ ನೆರಳನ್ನಷ್ಟೇ ಬಳಿದ ಹಾಳೆಗಳು. ಈ ಜಲವರ್ಣಗಳ ಮುಂದೆಯೇ ಹೆಚ್ಚು ಹೊತ್ತು ಕಳೆಯಿರಿ. ಬೇಡವಾದದ್ದನ್ನು ಬಿಡುತ್ತ ಬಂದ ನಲವತ್ತು ವರ್ಷದ ಕೆಲಸ ಅಲ್ಲಿ ಹನಿನೀರಿನಲ್ಲಿ ನಿಂತಿದೆ.

ಹೂವಿನ ಚಿತ್ರಗಳ ಬಗ್ಗೆ ಒಂದು ಮಾತು. ಗುಲಾಬಿಗಳು ತಾಜಾ ಎಂದುಕೊಳ್ಳಬೇಡಿ. ನಿಜವಾದ ಹೂ ಎರಡು ದಿನಕ್ಕೆ ಬಾಡಿ ಆಕಾರ ಬದಲಿಸುತ್ತದೆ, ಮೊರಾಂದಿಯ ವೇಗಕ್ಕೆ ಅದು ಹೊಂದುವುದಿಲ್ಲ. ಬಟ್ಟೆಯ ಹೂ, ಒಣಗಿದ ಹೂ ಇಟ್ಟುಕೊಂಡು ಬರೆಯುತ್ತಿದ್ದ. ಅವುಗಳ ಮೇಲೂ ಅದೇ ಧೂಳು.

ಎಚಿಂಗ್‌ಗಳಿಗೆ, ಅಂದರೆ ಲೋಹದ ತಗಡಿನಲ್ಲಿ ಆಸಿಡ್‌ನಿಂದ ಗೆರೆ ಕೊರೆದು ಕಾಗದಕ್ಕೆ ಅಚ್ಚೊತ್ತಿದ ಚಿತ್ರಗಳಿಗೆ, ಬೇರೆಯದೇ ಸಮಯ ಬೇಕು. ಮೊರಾಂದಿ ಜೀವಮಾನದಲ್ಲಿ 1300ಕ್ಕೂ ಹೆಚ್ಚು ತೈಲವರ್ಣ ಬರೆದ, ಎಚಿಂಗ್ ಮಾಡಿದ್ದು 130ರ ಆಸುಪಾಸು ಮಾತ್ರ. ಆದರೆ ಹೊಟ್ಟೆಪಾಡು ನಡೆದದ್ದು ಅದರಿಂದ. ಪ್ರಾಥಮಿಕ ಶಾಲೆಗಳಲ್ಲಿ ವರ್ಷಗಟ್ಟಲೆ ಡ್ರಾಯಿಂಗ್ ಕಲಿಸಿದ ಮೇಲೆ 1930ರಲ್ಲಿ ಬೊಲೊನ್ಯಾ ಕಲಾ ಅಕಾಡೆಮಿಯಲ್ಲಿ ಎಚಿಂಗ್ ಪ್ರಾಧ್ಯಾಪಕನಾದ, ಪರೀಕ್ಷೆಯಿಲ್ಲದೆ, ಹೆಸರಿನ ಬಲದಿಂದ. 1956ರವರೆಗೆ ಕಲಿಸಿದ. ಕಲಿತದ್ದು ಮಾತ್ರ ಹೆಚ್ಚಾಗಿ ಸ್ವಂತವಾಗಿ, ಹಳೆಯ ಕೈಪಿಡಿಗಳಿಂದ, ರೆಂಬ್ರಾಂಟ್‌ನ ಹಾಳೆಗಳನ್ನು ನೋಡಿ. 1912ರಲ್ಲಿ ಮಾಡಿದ ಸವೇನಾ ನದಿಯ ಸೇತುವೆ ಅವನ ಮೊದಲ ತಗಡು.

ಗೊತ್ತಿಲ್ಲದವರಿಗೆ ಕೆಲಸ ಹೀಗೆ. ತಾಮ್ರ ಅಥವಾ ಸತುವಿನ ತಗಡಿನ ಅಂಚನ್ನು ಮೊದಲು ಅರದಿಂದ ಇಳಿಜಾರು ಮಾಡಬೇಕು, ಚೂಪಾಗಿ ಬಿಟ್ಟರೆ ಪ್ರೆಸ್ಸಿನಲ್ಲಿ ಕಾಗದ ಮತ್ತು ಉಣ್ಣೆಹಾಸು ಎರಡೂ ಹರಿಯುತ್ತವೆ. ಸುಣ್ಣದ ಹುಡಿಯಿಂದ ಉಜ್ಜಿ ಜಿಡ್ಡು ತೆಗೆಯಬೇಕು. ಬೆರಳ ಗುರುತು ಉಳಿದರೂ ಅಲ್ಲಿ ಮೇಣ ಹಿಡಿಯದೆ ಏಳುತ್ತದೆ. ತಗಡನ್ನು ಬಿಸಿ ಮಾಡಿ ಜೇನುಮೇಣ, ಡಾಂಬರು, ರಾಳ ಬೆರೆತ ಪದರ ಹಚ್ಚಿ, ಹೊಗೆ ಹಿಡಿಸಿ ಕಪ್ಪು ಮಾಡುತ್ತಾರೆ. ಆಮೇಲೆ ಸೂಜಿಯಿಂದ ಗೀಚಬೇಕು. ಒತ್ತಬಾರದು, ಮೇಣ ಸರಿದು ಲೋಹ ಕಂಡರೆ ಸಾಕು. ಆಸಿಡ್‌ಗೆ ಇಳಿಸಿದಾಗ ಗೀಚಿದಲ್ಲಿ ಮಾತ್ರ ಲೋಹ ಕರಗುತ್ತದೆ. ಶಾಯಿ ತುಂಬಿ, ಮೇಲ್ಮೈ ಒರೆಸಿ, ತೇವದ ಕಾಗದವಿಟ್ಟು ಪ್ರೆಸ್ಸಿನಲ್ಲಿ ಹಾಯಿಸಿದರೆ ಗೆರೆಯೊಳಗಿನ ಶಾಯಿ ಕಾಗದಕ್ಕೆ ಏರುತ್ತದೆ.

ನೆರಳು ಬೇಕಾದಾಗ ಹಲವರು ತಗಡನ್ನು ಎರಡು ಮೂರು ಸಲ ಆಸಿಡ್‌ಗೆ ಇಳಿಸಿ ಕೆಲವು ಗೆರೆಗಳನ್ನು ಆಳ ಮಾಡುತ್ತಾರೆ. ಮೊರಾಂದಿ ಹೆಚ್ಚಾಗಿ ಒಂದೇ ಸಲ ಇಳಿಸಿದ. ಹಾಗಾಗಿ ಗೆರೆಗಳ ಆಳ ಒಂದೇ, ಕಪ್ಪು ಬರುವುದು ಗೆರೆಗಳ ದಟ್ಟಣೆಯಿಂದ. ಒಂದು ಜಾಲ, ಅದರ ಮೇಲೆ ಓರೆ ಜಾಲ, ಮತ್ತೊಂದು. ಇದರಲ್ಲಿ ಅಪಾಯವಿದೆ. ಗೆರೆ ತೀರಾ ಹತ್ತಿರ ಬಂದರೆ ನಡುವಿನ ಮೇಣದ ಚುಕ್ಕಿ ಉದುರಿ ಇಡೀ ಜಾಗ ಒಂದೇ ಗುಳಿಯಾಗುತ್ತದೆ. ಗುಳಿಯ ತಳದಲ್ಲಿ ಶಾಯಿ ನಿಲ್ಲದೆ, ಕಪ್ಪಾಗಬೇಕಾದ ಕಡೆ ಮಾಸಲು ಬೂದು ಬರುತ್ತದೆ. ನೈಟ್ರಿಕ್ ಆಸಿಡ್ ಗುಳ್ಳೆ ಎಬ್ಬಿಸಿ ಗೆರೆಯನ್ನು ಅಗಲಿಸುತ್ತದೆ, ಗುಳ್ಳೆಗಳನ್ನು ಹಕ್ಕಿಗರಿಯಿಂದ ಸವರುತ್ತಲೇ ಇರಬೇಕು. ಇಂಥ ನಯವಾದ ಜಾಲಕ್ಕೆ ಡಚ್ ಮಾರ್ಡೆಂಟ್ ಎಂಬ ದ್ರಾವಣ ಒಳ್ಳೆಯದು: ನೀರು 88 ಭಾಗ, ಹೈಡ್ರೊಕ್ಲೋರಿಕ್ ಆಸಿಡ್ 10, ಪೊಟ್ಯಾಸಿಯಮ್ ಕ್ಲೋರೇಟ್ 2. ನಿಧಾನ, ಆದರೆ ನೇರ ಕೆಳಕ್ಕೆ ಇಳಿಯುತ್ತದೆ. ಕಲಸುವಾಗ ಕ್ಲೋರಿನ್ ಹೊಮ್ಮುವುದರಿಂದ ಬಾಗಿಲು ಕಿಟಕಿ ತೆರೆದಿರಲೇಬೇಕು. ಇಷ್ಟು ತಿಳಿದು ಮೊರಾಂದಿಯ ಒಂದು ಬಿಳಿ ಬಾಟಲಿಯನ್ನು ನೋಡಿ. ಬಾಟಲಿಗೆ ಹೊರಗೆರೆಯೇ ಇರುವುದಿಲ್ಲ. ಸುತ್ತಲಿನ ಜಾಲ ನಿಂತ ಕಡೆ ಖಾಲಿ ಕಾಗದ ಬಾಟಲಿಯಾಗಿರುತ್ತದೆ.

ಮಧ್ಯಾಹ್ನ ಅಕಾಡೆಮಿಯ ಬೀದಿಗೆ ಹೋದೆವು. ಅದರ ಪಕ್ಕದಲ್ಲೇ ಪಿನಕೊತೇಕಾ, ಜೊತ್ತೊ ಮತ್ತು ರಾಫೆಲ್ ಇರುವ ರಾಷ್ಟ್ರೀಯ ಚಿತ್ರಶಾಲೆ. ಬಾಗಿಲ ಬಳಿ ಶಾಯಿ ಮೆತ್ತಿದ ಕೈಗಳ ಇಬ್ಬರು ವಿದ್ಯಾರ್ಥಿಗಳು ಸಿಕ್ಕರು. ಮೊರಾಂದಿಯ ಹೆಸರು ಹೇಳಿದ್ದೇ ತಡ, ಕಾಗದ ಎಷ್ಟು ತೇವವಿರಬೇಕು ಎಂಬ ಚರ್ಚೆ ಶುರುವಾಯಿತು. ನೀರಿನಲ್ಲಿ ನೆನೆಸಿ, ಒತ್ತುಕಾಗದದ ನಡುವಿಟ್ಟು, ಮೇಲ್ಮೈಯ ಹೊಳಪು ಹೋಗುವವರೆಗೆ ಒತ್ತಬೇಕು. ಹೊಳೆಯುತ್ತಿದ್ದರೆ ಶಾಯಿ ಹಿಡಿಯದು, ಒಣಗಿದ್ದರೆ ಗೆರೆ ತುಂಡಾಗುತ್ತದೆ.

ಮೊರಾಂದಿಯನ್ನು ಸನ್ಯಾಸಿ ಎಂದು ಕರೆಯುವ ರೂಢಿ ಬಂದುಬಿಟ್ಟಿದೆ. ಅದನ್ನು ಪೂರ್ತಿ ನಂಬುವುದು ಕಷ್ಟ. 1926 ಮತ್ತು 1929ರಲ್ಲಿ ನೊವೆಚೆಂತೊ ಎಂಬ ಕಲಾ ಗುಂಪಿನ ಪ್ರದರ್ಶನಗಳಲ್ಲಿ ಅವನ ಚಿತ್ರಗಳಿದ್ದವು, ಅಂದಿನ ಫ್ಯಾಸಿಸ್ಟ್ ಆಳ್ವಿಕೆಗೆ ಹತ್ತಿರವಿದ್ದ ಬರಹಗಾರರು ಅವನ ಗೆಳೆಯರಾಗಿದ್ದರು. 1934ರಲ್ಲಿ ವಿಮರ್ಶಕ ರೊಬೆರ್ತೊ ಲೊಂಗಿ ಬೊಲೊನ್ಯಾ ವಿಶ್ವವಿದ್ಯಾಲಯದ ತನ್ನ ಮೊದಲ ಉಪನ್ಯಾಸದಲ್ಲೇ ಅವನನ್ನು ಹೊಗಳಿದ. 1943ರಲ್ಲಿ ಫ್ಯಾಸಿಸ್ಟ್ ವಿರೋಧಿಗಳ ಒಡನಾಟದ ಶಂಕೆಯ ಮೇಲೆ ಪೊಲೀಸರು ಹಿಡಿದು ಸುಮಾರು ಒಂದು ವಾರ ಜೈಲಿನಲ್ಲಿಟ್ಟರು. 1948ರಲ್ಲಿ ವೆನಿಸ್‌ನ ಅಂತರರಾಷ್ಟ್ರೀಯ ಕಲಾ ಪ್ರದರ್ಶನ ಬಿಯೆನ್ನಾಲೆಯ ಬಹುಮಾನ, 1957ರಲ್ಲಿ ಬ್ರೆಜಿಲ್‌ನ ಸಾವೊ ಪಾವ್ಲೊ ಬಿಯೆನ್ನಾಲೆಯ ದೊಡ್ಡ ಬಹುಮಾನ. ಇಟಲಿ ದಾಟಿದ್ದು ಮಾತ್ರ ತೀರಾ ತಡವಾಗಿ, 1956ರಲ್ಲಿ ಸ್ವಿಟ್ಜರ್ಲೆಂಡಿಗೆ. ಲೋಕದಿಂದ ದೂರವಿದ್ದವನಲ್ಲ, ಲೋಕ ತನ್ನ ಬಾಗಿಲಿಗೆ ಬರುವಷ್ಟು ಕೆಲಸ ಮಾಡಿದವನು.

ಮೂರನೆಯ ದಿನ, ಶನಿವಾರ: ಗ್ರಿಜ್ಜಾನಾ

ಮಳೆ ನಿಂತು ಅಪೆನ್ನೈನ್ ಬೆಟ್ಟಗಳ ಮೇಲೆ ಮಂಜು. ಮೊರಾಂದಿ 1913ರಲ್ಲಿ ಮೊದಲ ಸಲ ಬೇಸಿಗೆ ಕಳೆಯಲು ಹೋದ ಹಳ್ಳಿ ಗ್ರಿಜ್ಜಾನಾ. 1927ರಿಂದ ಆ ಹಳ್ಳಿ ಅವನಿಗೆ ರೂಢಿಯಾಯಿತು. 1985ರಲ್ಲಿ ಊರಿನವರು ತಮ್ಮ ಊರಿಗೇ ಗ್ರಿಜ್ಜಾನಾ ಮೊರಾಂದಿ ಎಂದು ಹೆಸರಿಟ್ಟುಕೊಂಡರು.

ಈ ಹೆಸರೇ ಮೋಸ ಮಾಡಿದ್ದು. ಬೊಲೊನ್ಯಾದಿಂದ ಪ್ರಾತೊಗೆ ಹೋಗುವ, 1934ರಲ್ಲಿ ತೆರೆದ ರೈಲುಮಾರ್ಗದಲ್ಲಿ ಇದೇ ಹೆಸರಿನ ಸ್ಟೇಷನ್ನಿದೆ. ಇಳಿದು ನೋಡಿದರೆ ಸೆತ್ತಾ ಹೊಳೆಯ ಕಣಿವೆ, ಹಳ್ಳಿ ಮೇಲೆ, ಸುಮಾರು 550 ಮೀಟರ್ ಎತ್ತರದ ದಿಣ್ಣೆಯ ಮೇಲೆ. ಹಲವು ಕಿಲೋಮೀಟರ್ ಏರು, ತಿರುವು ತಿರುವಿನ ದಾರಿ, ಬಸ್ ಇಲ್ಲ. ಚೆಸ್ಟ್‌ನಟ್ ಆರಿಸುತ್ತಿದ್ದ ಹಿರಿಯರೊಬ್ಬರು, ಎಲ್ಲರೂ ಇದೇ ತಪ್ಪು ಮಾಡುತ್ತಾರೆ ಎಂದು ಕೈಸನ್ನೆಯಲ್ಲೇ ದಾರಿ ತೋರಿಸಿ, ಎರಡು ಹಿಡಿ ಕಾಯಿ ಜೇಬಿಗೆ ತುಂಬಿದರು. ಪೊರ್ರೆತ್ತಾ ಕಡೆಯ ರೈಲು ಹಿಡಿದು ವೆರ್ಗಾತೊದಲ್ಲಿ ಇಳಿದು ಅಲ್ಲಿಂದ ಗಾಡಿ ಮಾಡಿಕೊಳ್ಳುವುದು ಸುಲಭ. ಗಾಡಿಯನ್ನು ಮೊದಲೇ ಹೇಳಿಟ್ಟಿರಿ, ಭಾನುವಾರವಂತೂ ಸ್ಥಳದಲ್ಲಿ ಸಿಗುತ್ತದೆಂದು ನಂಬಬೇಡಿ.

ಆದರೂ ನಡೆದದ್ದಕ್ಕೆ ಬೇಸರವಿಲ್ಲ. ಏರುವ ದಾರಿಯಲ್ಲಿ ಮಂಜು ಸರಿದಂತೆ ಮೊರಾಂದಿಯ ನಿಸರ್ಗಚಿತ್ರಗಳು ಒಂದೊಂದಾಗಿ ಎದುರಾದವು. ಒಣಗಿದ ಹಸಿರು, ಹುಲ್ಲು ಕೊಯ್ದ ಮೇಲಿನ ಹಳದಿ, ಮಳೆಗೆ ಕೊರೆದುಹೋದ ಜೇಡಿಮಣ್ಣಿನ ಇಳಿಜಾರು, ನಡುವೆ ಬಿಳಿ ಮನೆ. ಅವನ ಚಿತ್ರಗಳಲ್ಲಿ ಮನೆಗಳಿಗೆ ಕಿಟಕಿ ವಿರಳ, ಮನುಷ್ಯರಂತೂ ಇಲ್ಲವೇ ಇಲ್ಲ. ಪುಸ್ತಕದಲ್ಲಿ ನೋಡಿದಾಗ ಇದೊಂದು ಶೈಲಿ ಎನಿಸುತ್ತದೆ. ಇಲ್ಲಿ ಎದುರಿನ ದಿಣ್ಣೆಯ ಮನೆಯನ್ನು ನೋಡಿದರೆ, ಮಧ್ಯಾಹ್ನದ ಬೆಳಕಿನಲ್ಲಿ ಗೋಡೆ ಒಂದೇ ಬಿಳಿ ತುಂಡಾಗಿ ಕಿಟಕಿಗಳು ನಿಜಕ್ಕೂ ಅಳಿಸಿಹೋಗಿದ್ದವು. ಆತ ದೂರದ ದೃಶ್ಯಗಳನ್ನು ಬೈನಾಕ್ಯುಲರ್ ಹಿಡಿದು ನೋಡುತ್ತಿದ್ದನೆಂದು ಹೇಳುತ್ತಾರೆ. ಅದರ ಪರಿಣಾಮ ತಿಳಿಯಲು ನೀವೂ ಹಿಡಿದು ನೋಡಬೇಕು. ದೂರದ ಮನೆ, ಅದರ ಹಿಂದಿನ ಮರ, ಇನ್ನೂ ಹಿಂದಿನ ಗುಡ್ಡ ಎಲ್ಲ ಒಂದರ ಮೇಲೊಂದು ಒತ್ತಿಕೊಂಡು ಚಪ್ಪಟೆಯಾಗುತ್ತವೆ, ನಡುವಿನ ಕಣಿವೆ ಮಾಯವಾಗುತ್ತದೆ. ಬಾಟಲಿಗಳನ್ನು ಅಂಚಿಗಂಚು ಕೂಡಿಸಿದ ಅದೇ ಕೆಲಸ ಇಲ್ಲಿ ಬೆಟ್ಟದ ಮೇಲೆ.

ಮೇಲೆ ಅವನ ಮನೆ. 1959ರ ಸುಮಾರಿಗೆ, ಆಯುಷ್ಯದ ಕೊನೆಗೆ ಕಟ್ಟಿಸಿಕೊಂಡದ್ದು. ಮಗು ಬರೆದ ಮನೆಯ ಚಿತ್ರದಂತಿದೆ: ನಾಲ್ಕು ಮೂಲೆ, ಇಳಿಜಾರು ಹೆಂಚು, ಸಾಲಾಗಿ ಕಿಟಕಿ. ಒಂದು ಅಲಂಕಾರವಿಲ್ಲ. ಅದಕ್ಕೆ ಮೊದಲು ಕುಟುಂಬ ಬಾಡಿಗೆಗೆ ಇರುತ್ತಿದ್ದ ವೆಜ್ಜೆತ್ತಿ ಮನೆ ಹತ್ತಿರದಲ್ಲೇ ಇದೆ. ಒಳಗೆ ನೋಡಲು ಪುರಸಭೆಗೆ ಮೊದಲೇ ತಿಳಿಸಬೇಕು. ಕಂಪಿಯಾರೊ ಎಂಬಲ್ಲಿಯ ಹುಲ್ಲಿನ ಕಣಜಗಳನ್ನು ಆತ ಮತ್ತೆ ಮತ್ತೆ ಬರೆದಿದ್ದಾನೆ, ಈಗ ಅವನ್ನು ದುರಸ್ತಿ ಮಾಡಿ ಅವನ ಕೆಲಸದ ದಾಖಲೆಗಳಿಗೆ ಬಿಟ್ಟುಕೊಟ್ಟಿದ್ದಾರೆ. ಚಿತ್ರವನ್ನೂ ಅದರ ಕಟ್ಟಡವನ್ನೂ ಹೋಲಿಸಿ ನೋಡಬಹುದಾದ ಜಾಗ ಇದು. ಒಂದು ಚಿತ್ರದ ಮುದ್ರಿತ ಪ್ರತಿ ಕೈಯಲ್ಲಿದ್ದರೆ ಅದೇ ಕೋನ ಸಿಗುವವರೆಗೆ ಹಿಂದೆ ಮುಂದೆ ನಡೆದು ನೋಡಿ. ಮರಗಳು ಬೆಳೆದು ಕೆಲವು ಕೋನ ಮುಚ್ಚಿವೆ, ಎಲೆ ಉದುರುವ ಕಾಲದಲ್ಲಿ ಚೆನ್ನಾಗಿ ಕಾಣುತ್ತದೆ.

ಯುದ್ಧದ ಕಾಲದಲ್ಲಿ, 1943ರಿಂದ, ಕುಟುಂಬ ಬೊಲೊನ್ಯಾದ ಬಾಂಬುಗಳಿಂದ ತಪ್ಪಿಸಿಕೊಂಡು ಇಲ್ಲೇ ಇತ್ತು. ಆ ಎರಡು ವರ್ಷದ ನಿಸರ್ಗಚಿತ್ರಗಳು ಅವನ ಅತ್ಯುತ್ತಮ ಕೆಲಸಗಳಲ್ಲಿ ಸೇರುತ್ತವೆ. 1944ರಲ್ಲಿ ಮೊರಾಂದಿ ಬೊಲೊನ್ಯಾಗೆ ಹಿಂದಿರುಗಿದ. ಅದೇ ವರ್ಷ ಸೆಪ್ಟೆಂಬರ್ 29ರಿಂದ ಅಕ್ಟೋಬರ್ 5ರವರೆಗೆ, ಈ ದಿಣ್ಣೆಗೆ ಹತ್ತಿರದ ಮೊಂತೆ ಸೊಲೆ ಸುತ್ತಲಿನ ಹಳ್ಳಿಗಳಲ್ಲಿ ಜರ್ಮನ್ ಎಸ್ಎಸ್ ಪಡೆ 770 ಜನರನ್ನು ಕೊಂದಿತು, ಬಹುಪಾಲು ಹೆಂಗಸರು, ಮಕ್ಕಳು, ಮುದುಕರು. ನಾವು ಹೋದದ್ದು ಅದೇ ವಾರದ ಆಸುಪಾಸು, ಊರುಗಳಲ್ಲಿ ಹೂಮಾಲೆಗಳಿದ್ದವು. ಚಿತ್ರಗಳಲ್ಲಿ ಮನುಷ್ಯರಿಲ್ಲದ ಆ ಬಿಳಿ ಮನೆಗಳನ್ನು ಇದನ್ನು ತಿಳಿದ ಮೇಲೆ ಮೊದಲಿನಂತೆ ನೋಡಲಾಗುವುದಿಲ್ಲ. ಆತ ಅದನ್ನು ಚಿತ್ರಿಸಲಿಲ್ಲ. ಅವನ ಚಿತ್ರಗಳಲ್ಲಿ ಅದನ್ನು ಹುಡುಕುವುದೂ ಸರಿಯಲ್ಲ. ಆದರೆ ಎದುರಿನ ಬೆಟ್ಟ ಅದೇ.

ಮಧ್ಯಾಹ್ನದ ಊಟ ಕ್ರೆಷೆಂತೀನೆ. ಅಂಗೈಯಗಲದ, ಎರಡು ಬಿಸಿ ಅಚ್ಚಿನ ನಡುವೆ ಬೇಯಿಸಿದ ರೊಟ್ಟಿ. ಸೀಳಿ ಒಳಗೆ ಮೆತ್ತಗಿನ ಚೀಸ್ ತುಂಬಿ ತಿನ್ನುತ್ತಾರೆ. ಬೊಲೊನ್ಯಾ ಪೇಟೆಯಲ್ಲಿ ಇದೇ ಹೆಸರು ಹೇಳಿದರೆ ಎಣ್ಣೆಯಲ್ಲಿ ಕರಿದ ಬೇರೆ ತಿಂಡಿ ಬರುತ್ತದೆ.

ನಾಲ್ಕನೆಯ ದಿನ, ಭಾನುವಾರ: ಮಾಮಿಯಾನೊ

ರೈಲಿನಲ್ಲಿ ಪಾರ್ಮಾ, ಅಲ್ಲಿಂದ ಟ್ರವೆರ್ಸೆತೊಲೊ ಕಡೆಗೆ ರಸ್ತೆ. ಬಯಲು, ದನದ ಕೊಟ್ಟಿಗೆ, ಸಾಲು ಮರ. ಮಾಮಿಯಾನೊದ ಮಾನ್ಯಾನಿ ರೊಕ್ಕಾ ಪ್ರತಿಷ್ಠಾನದ ಬಂಗಲೆಯಲ್ಲಿ ಮೊರಾಂದಿಯ 50 ಕೃತಿಗಳಿವೆ, ಅದೂ ಗೊಯಾ, ಟಿಶಿಯನ್‌ರಂಥ ಹಳೆಯ ದೊಡ್ಡ ಚಿತ್ರಕಾರರ ಕೃತಿಗಳಿರುವ ಅದೇ ಮನೆಯಲ್ಲಿ. ಚಳಿಗಾಲದಲ್ಲಿ ಮುಚ್ಚಿರುತ್ತದೆ, ನೋಡಿಕೊಂಡು ಹೊರಡಿ.

ಇಲ್ಲಿಗೆ ಬರಬೇಕಾದದ್ದು ಒಂದು ಚಿತ್ರಕ್ಕಾಗಿ. ಬಂಗಲೆಯ ಮಾಲೀಕನಾಗಿದ್ದ ಲುಯಿಜಿ ಮಾನ್ಯಾನಿ ಸಂಗೀತಪ್ರಿಯ. ವಾದ್ಯಗಳ ಚಿತ್ರ ಬರೆದುಕೊಡಿ ಎಂದು ಕೇಳಿ, ಮಾದರಿಗೆಂದು ಅಮೂಲ್ಯವಾದ ಹಳೆಯ ವೀಣೆಜಾತಿಯ ವಾದ್ಯವನ್ನು, ಲ್ಯೂಟ್ ಎಂಬುದನ್ನು ತಂದುಕೊಟ್ಟ. ಹೇಳಿ ಬರೆಸಿದ ಚಿತ್ರ ಮೊರಾಂದಿಯ ಬದುಕಿನಲ್ಲಿ ಇದೊಂದೇ ಎನ್ನುತ್ತಾರೆ. 1941ರಲ್ಲಿ ಚಿತ್ರ ಬಂತು, ಆದರೆ ಅದರಲ್ಲಿ ಆ ಲ್ಯೂಟ್ ಇಲ್ಲ. ಬದಲಿಗೆ ಮಕ್ಕಳಾಟದ ತುತ್ತೂರಿ, ಹಳೆಯ ಮ್ಯಾಂಡೊಲಿನ್, ಗಿಟಾರ್. ವಸ್ತುವೇ ಅಂದವಾಗಿದ್ದರೆ ಚಿತ್ರಕಾರನಿಗೆ ಜಾಗವಿಲ್ಲ, ಆ ಅಂದವನ್ನು ನಕಲು ಮಾಡುವುದಷ್ಟೇ ಉಳಿಯುತ್ತದೆ. ಫೊಂದಾಟ್ಸಾದ ಉಗ್ರಾಣದಲ್ಲಿ ಬೆಲೆಬಾಳುವುದು ಏಕಿಲ್ಲ ಎಂಬುದಕ್ಕೆ ಈ ಕ್ಯಾನ್ವಾಸೇ ಉತ್ತರ. ಮುಂದೆ ಕುರ್ಚಿಯಿದ್ದರೆ ಕುಳಿತು ನೋಡಿ. ವಾದ್ಯಗಳ ದುಂಡುಗಳು ಒಂದನ್ನೊಂದು ತಬ್ಬಿ ಮಲಗಿದ ರೀತಿ ಎದ್ದು ನಿಂತರೆ ಅಷ್ಟು ಕಾಣುವುದಿಲ್ಲ.

ಐದನೆಯ ದಿನ, ಸೋಮವಾರ: ಚೆರ್ತೋಸಾ

ಮ್ಯೂಸಿಯಂಗಳಿಗೆ ರಜೆ, ಸ್ಮಶಾನಕ್ಕಿಲ್ಲ. ಮೆಲೊಂಚೆಲ್ಲೊ ಕಮಾನಿನಿಂದ ಒಂದು ಪೋರ್ಟಿಕೊ ಮೇಲೆ ಸಾನ್ ಲೂಕಾ ಬೆಟ್ಟಕ್ಕೆ ಏರುತ್ತದೆ, ಇನ್ನೊಂದು ಕೆಳಗೆ ಚೆರ್ತೋಸಾಕ್ಕೆ ಇಳಿಯುತ್ತದೆ. ಹೆಚ್ಚಿನವರು ಮೇಲೆ ಹೋಗುತ್ತಾರೆ. ಚೆರ್ತೋಸಾ ಎಂಬ ಈ ಹಳೆಯ ಮಠವನ್ನು 1801ರಲ್ಲಿ ಊರಿನ ಸ್ಮಶಾನ ಮಾಡಿದರು. ಅಂಗಳದೊಳಗೆ ಅಂಗಳ, ದಾರಿ ತಪ್ಪುವುದು ಖಚಿತ, ಪ್ರವೇಶದಲ್ಲೇ ನಕ್ಷೆ ಕೇಳಿ. ಮೊರಾಂದಿ ಕುಟುಂಬದ ಸಮಾಧಿಯಲ್ಲಿ ಶಿಲ್ಪಿ ಜಾಕೊಮೊ ಮಾಂಜು ಮಾಡಿದ ಕಂಚಿನ ಮುಖವಿದೆ. ಮೊರಾಂದಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ಹೋದ, ಕೊನೆಯವರೆಗೂ ಸಿಗರೇಟು ಬಿಡದ ಎತ್ತರದ ಮನುಷ್ಯ. ಸುತ್ತಲಿನ ದೊಡ್ಡ ಮನೆತನಗಳ ಅಮೃತಶಿಲೆಯ ದೇವತೆಗಳ ನಡುವೆ ಈ ಜಾಗವೂ ನಂಬರ್ 36ರ ಬಾಗಿಲಿನಂತೆಯೇ, ಹುಡುಕದೆ ಸಿಗುವುದಿಲ್ಲ.

ಮೂರೇ ದಿನ ಇರುವವರು ಮಾಮಿಯಾನೊ ಬಿಡಿ, ಚೆರ್ತೋಸಾ ಬಿಡಿ. ಗ್ರಿಜ್ಜಾನಾ ಬಿಡಬೇಡಿ. ಮನೆಯನ್ನು ಮ್ಯೂಸಿಯಮ್ಮಿಗಿಂತ ಮೊದಲು ನೋಡಿ, ಹಿಂದುಮುಂದಾದರೆ ಮೇಜುಗಳ ಎತ್ತರ ಹೊಳೆಯುವುದಿಲ್ಲ. ಬೈನಾಕ್ಯುಲರ್ ಇದ್ದರೆ ಚೀಲಕ್ಕೆ ಹಾಕಿಕೊಳ್ಳಿ, ವೆರ್ಗಾತೊದಲ್ಲಿ ಇಳಿಯಿರಿ.